ಲಗೇಜು ಟಿಕೆಟ್ಟು

ಮಲ್ಲೇಶ್ವರದ ಹದಿನೈದನೇ ಅಡ್ಡರಸ್ತೆ
ಮಾರ್ಚಿ ತಿಂಗಳು ಪೂರ್ತಿ ಮುದ್ದರಂಗಮ್ಮನದು.
ರಾಜಾನುಕುಂಟೆಯ ಆಚೆಯಿಂದ
ನಾಲ್ಕೂವರೆಯ ಹಾಲಿನ ವ್ಯಾನಲ್ಲಿ ಬಂದು,
ಪೊರಕೆಯವರು ಬರುವ ಮೊದಲು
ನಿಂತ ಕಾರುಗಳ ಕೆಳಗೆ ಕೈಹಾಕಿ ಹೊಂಗೆಕಾಯಿ ಆಯುತ್ತಾಳೆ.
ನಾಯಿ ಬೊಗಳುತ್ತದೆ, ವಾಚ್‌ಮನ್ ಬೊಗಳುತ್ತಾನೆ,
ಯಾರದೋ ಕಾರು ತಾನೇ ಕೂಗಿಕೊಳ್ಳುತ್ತದೆ.
ಬಾಯಲ್ಲಿ ಎಲೆಯಡಿಕೆ. ಯಾರಿಗೂ ಉತ್ತರವಿಲ್ಲ.

ಹತ್ತೂ ಮುಕ್ಕಾಲಿಗೆ ನನ್ನ ಬಸ್ಸು.
ಮೊದಲು ಚೀಲ ಹತ್ತುತ್ತದೆ, ಆಮೇಲೆ ಆಕೆ.
ಹೆಂಗಸರಿಗೆ ಟಿಕೆಟ್ಟು ಸೊನ್ನೆ ರೂಪಾಯಿ;
ಹರಿದು ಕೊಟ್ಟರೆ ಸೆರಗಿಗೆ ಗಂಟು ಹಾಕಿಕೊಳ್ಳುತ್ತಾಳೆ
ಸೊನ್ನೆಯೂ ಒಂದು ಆಸ್ತಿ ಎಂಬಂತೆ.
ಚೀಲಕ್ಕೆ ಮಾತ್ರ ಫ್ರೀ ಇಲ್ಲ.
ಚೀಲ ಹೆಂಗಸಲ್ಲ.

'ನಿಮ್ ಬಸ್ಸಿನ ಬೆನ್ನಿಗೆ ಹಸಿರೆಲೆ ಬರ್ದವ್ರಲ್ಲ, ಏನದು?'
ಹೇಳಿದೆ: ಡೀಸೆಲ್ಲಿಗೆ ಒಂದಿಷ್ಟು ಕಾಯೆಣ್ಣೆ ಬೆರೆಸುತ್ತಾರೆ,
ಹೊಂಗೆ, ಬೇವು, ಹೋಟೆಲಿನವರು ಕರಿದು ಬಿಟ್ಟದ್ದು.
ಹೊಗೆ ಕಮ್ಮಿಯಂತೆ, ಭೂಮಿಗೆ ತಂಪಂತೆ.
ಡಿಪೋದ ತರಬೇತಿಯಲ್ಲಿ ತಿಳಿದದ್ದು ಇಷ್ಟೇ;
ಅವತ್ತು ಒಂದೊಂದು ಸಮೋಸ ಕೊಟ್ಟಿದ್ದರು.

ಆಕೆ ಮೂಗು ಅರಳಿಸಿದಳು.
'ಅದುಕ್ಕೇ ಅನ್ನಿ. ನಮ್ಮತ್ತೆ ದೀಪ ಆರಿಸಿದಾಗ ಇದೇ ನಾತ.'
ಆಮೇಲೆ ಲೆಕ್ಕ ಹಾಕಿ, ಇಡೀ ಬಸ್ಸಿಗೆ ಕೇಳುವ ಹಾಗೆ:
'ನನ್ ಕಾಯಿ ಕುಡ್ದು ನಿನ್ ಬಸ್ಸು ಓಡ್ತದೆ,
ನನ್ ಕಾಯಿಗೇ ನೀನು ಟಿಕೆಟ್ಟು ಹರೀತೀಯ!'
ಬಸ್ಸೆಲ್ಲ ನಕ್ಕಿತು. ಡ್ರೈವರ್ ಸಿದ್ಧಾರೂಢ ಕನ್ನಡಿಯಲ್ಲಿ ನಕ್ಕ.
ನಾನೂ ನಕ್ಕೆ, ಹರಿದೆ.
ಜಕ್ಕೂರಿನ ಹತ್ತಿರ ಚೆಕಿಂಗಿನವರು ಹತ್ತುತ್ತಾರೆ.

ಹೆಬ್ಬಾಳದ ಮೇಲ್ಸೇತುವೆಯಲ್ಲಿ ಎಲ್ಲವೂ ನಿಂತಾಗ
ಆಡುಗಳ ಮಾತು ತೆಗೆದಳು.
ಊರ ಹಿಂದೆ ಗೋಮಾಳ, ಹದಿನೆಂಟು ಎಕರೆ,
ಯಾರದೂ ಅಲ್ಲವೆಂದೇ ಎಲ್ಲರದೂ ಆಗಿದ್ದದ್ದು.
ಜೀಪಿನವರು ಬಂದು ಅದಕ್ಕೆ ಬಂಜರು ಎಂದು ಹೆಸರಿಟ್ಟರು,
ಕಾಡುಹರಳು ನೆಟ್ಟು ತಂತಿ ಎಳೆದರು.
ಗುಂಡಿ ತೋಡಿದ್ದಕ್ಕೆ ನಲವತ್ತು ದಿನದ ಕೂಲಿ;
'ಕಾಲುಚೈನು ಮಾಡಿಸ್ದೆ, ಸುಳ್ಳು ಯಾಕೆ ಹೇಳ್ಲಿ.'
ಆಡು ಮುಟ್ಟದ ಸೊಪ್ಪಿಲ್ಲ ಅನ್ನುತ್ತಾರಲ್ಲ,
ಆ ಸೊಪ್ಪನ್ನು ಮೂಸಿ ಮುಖ ತಿರುಗಿಸಿದವಂತೆ.
ಹನ್ನೊಂದಿದ್ದವು. ಕೊನೆಯದಕ್ಕೆ ಕಿವಿ ಮೇಲೆ ಬಿಳಿ ಮಚ್ಚೆ.
ಮೂರನೇ ವರ್ಷ ಕಂಪನಿಯವರು ಬರಲಿಲ್ಲ.
ತಂತಿ ಇದೆ. ಕಾಯಿ ಬಿಟ್ಟಾಗ
ಹುಡುಗರು ತಿಂದು ವಾಂತಿ ಮಾಡಿಕೊಳ್ಳುತ್ತಾರೆ.

'ಹೊಂಗೆ ನಿಮ್ಮೂರಲ್ಲೇ ಇಲ್ವಾ?' ಕೇಳಿದೆ.
ಇದೆ. ರಸ್ತೆಯುದ್ದಕ್ಕೂ ಇದೆ.
ಬೆಲೆ ಇಲ್ಲದಾಗ ಕಾಯಿ ಆಯ್ದವರದಾಗಿತ್ತು,
ಹಿಂಡಿ ಹೊಲಕ್ಕೆ, ಎಣ್ಣೆ ದೀಪಕ್ಕೆ, ಮಗುವಿನ ಕಜ್ಜಿಗೆ.
ಬೆಲೆ ಬಂದ ವರ್ಷವೇ ಹರಾಜು ಬಂತು,
ಒಂದೊಂದು ಮರದ ಬುಡಕ್ಕೂ ಬಿಳಿ ನಂಬರು.
ಹಿಡಿದವನು ಲಾರಿ ಇದ್ದವನು.
'ಮಲ್ಲೇಶ್ವರದೋರಿಗೆ ಇದು ಕಸ. ಅದುಕ್ಕೇ ಅಲ್ಲಿಗೆ ಬತ್ತೀನಿ.
ಯಾರಿಗೂ ಹೇಳ್ಬ್ಯಾಡಿ.'

ಹೇಳುವುದಿಲ್ಲ ಎಂದೆ.

ಯಲಹಂಕ ಹಳೇ ಊರು. ಚೀಲ ಇಳಿಯಿತು, ಆಕೆ ಇಳಿದಳು.
ಮಿಲ್ಲಿನಲ್ಲಿ ಕಿಲೋಗೆ ಇಪ್ಪತ್ತಾರು, ಹಸಿ ಇದ್ದರೆ ಹದಿನೆಂಟು;
ಹಸಿಯೋ ಒಣಗಿದ್ದೋ
ತೂಕದವನ ಹೆಬ್ಬೆರಳಿಗೆ ಗೊತ್ತು.
ಒಂದು ಕಾಯಿ ಸೀಟಿನಡಿ ಉಳಿದು
ಬ್ರೇಕಿಗೊಮ್ಮೆ ಮುಂದೆ ಜಾರುತ್ತಿತ್ತು.

ಸ್ಟಾಪು ದಾಟಿದ ಮೇಲೆ ನೆನಪಾಯಿತು:
ಲಗೇಜು ಟಿಕೆಟ್ಟಿನ ಹಿಂದೆ ಪೆನ್ನಲ್ಲಿ ಬರೆದುಕೊಟ್ಟಿದ್ದೆ,
ಚಿಲ್ಲರೆ ಮೂರು.
ಹಿಂದಿನ ಗಾಜಿನಲ್ಲಿ ನೋಡಿದೆ. ಹೊಗೆ ಕಮ್ಮಿಯೇ ಇತ್ತು,
ಆಕೆ ಕೈ ಎತ್ತಿದ್ದು ಸ್ಪಷ್ಟ ಕಂಡಿತು,
ಹೋಗಿ ಬಾ ಅಂತಲೋ,
ಮೂರು ರೂಪಾಯಿ ಅಂತಲೋ.
ಸಿದ್ಧಾರೂಢ ಗೇರು ಬದಲಿಸಿದ.